ಮಾಡೆಲ್ ಅಂದರೆ ಮರಿ

ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಎರಡು ಹಾಳೆ ಥರ್ಮೋಕೋಲ್ ಹಿಡಿದುಕೊಂಡು ಬಂದು, “ಮೇಷ್ಟ್ರೇ, ಸೈನ್ಸ್ ಎಕ್ಸಿಬಿಷನ್‌ಗೆ ಒಂದು ಮಾಡೆಲ್ ಮಾಡ್ಕೊಡಿ” ಎಂದಳು. ಮೂವತ್ತು ವರ್ಷ ತಿ. ನರಸೀಪುರದಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಇದೇನು ಕಷ್ಟ ಎನ್ನುತ್ತೀರಿ. ನಾನು ಮಾಡಿಸಿದ ಹೃದಯಗಳು ಒಂದೆರಡಲ್ಲ; ಕೆಂಪು ಬಣ್ಣ ಸಾಲದೆ ಒಂದಕ್ಕೆ ಕುಂಕುಮ ಕಲಸಿ ಬಳಿದದ್ದೂ ಉಂಟು. ಆದರೆ ‘ಮಾಡೆಲ್’ ಅನ್ನೋ ಪದ ಕಿವಿಗೆ ಬಿದ್ದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ನಾಲ್ಕು ವರ್ಷದ ಹಿಂದೆ ನಂಜನಗೂಡಿನಲ್ಲಿ ನನ್ನ ಮಗಳಿಗೆ ಹೆಣ್ಣು ಮಗುವಾಯಿತು. ಅತ್ತಿತು, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಓಡಿದೆವು. ಹುಟ್ಟಿದ ಕೂಡಲೇ ಇಳಿಯಬೇಕಾದ ಶ್ವಾಸಕೋಶದ ರಕ್ತದೊತ್ತಡ ಇಳಿದಿಲ್ಲವಂತೆ. ಅಲ್ಲಿದ್ದ ಮಕ್ಕಳ ಡಾಕ್ಟರು ಶೋಭಾ ನನ್ನ ಹಳೆಯ ಶಿಷ್ಯೆ. “ಒಂದು ಗ್ಯಾಸ್ ಕೊಡ್ತಿದ್ದೀವಿ ಮೇಷ್ಟ್ರೇ. ನಾಳೆವರೆಗೂ ಏನೂ ಹೇಳೋಕಾಗಲ್ಲ” ಎಂದಳು.

ಬೆಂಚಿನ ಮೇಲೆ ಕೂತಿದ್ದ ನನ್ನ ಹೆಂಡತಿ ಸಾಕಮ್ಮ, “ಮಾರಮ್ಮಂಗೆ ಒಂದು ಮರಿ ಕೊಡ್ತೀನಿ ಅಂತ ಅರಕೆ ಕಟ್ಕಂಡಿವ್ನಿ ಕಣ್ರೀ” ಎಂದಳು. ನನಗೆ ಎಲ್ಲಿತ್ತೋ ಕೋಪ! “ಒಂದು ಜೀವ ಉಳಿಸೋಕೆ ಇನ್ನೊಂದು ಜೀವ ತೆಗೀತೀಯಾ? ನಾಚಿಕೆ ಆಗಲ್ವಾ?” ಎಂದು ಉಗಿದೆ. ಭಾನುವಾರ ಮಟನ್ ಸಾರು ತಪ್ಪಿದರೆ ಮುಖ ಊದಿಸುವವನು ನಾನೇ, ಅದು ಬೇರೆ ಮಾತು.

“ಈ ಗ್ಯಾಸು ಕೆಲಸ ಮಾಡ್ತದೆ ಅಂತ ಹೇಗೆ ಗೊತ್ತಾಯ್ತಮ್ಮ? ಹೇಳು, ಇವಳಿಗೂ ಸ್ವಲ್ಪ ಕೇಳಿಸಲಿ” ಎಂದು ಶೋಭಾಳನ್ನು ಕೇಳಿದೆ.

“ಅನಿಮಲ್ ಮಾಡೆಲ್‌ಗಳಿಂದ ಮೇಷ್ಟ್ರೇ.”

“ನೋಡಿದ್ಯಾ? ಮಾಡೆಲ್! ಬರೀ ಗೊಂಬೆ. ಯಾರ ಕುತ್ತಿಗೇನೂ ಕೊಯ್ದಿಲ್ಲ” ಎಂದು ಸಾಕಮ್ಮನ ಕಡೆ ತಿರುಗಿ ಬೀಗಿದೆ. ಮೂವತ್ತು ವರ್ಷ ಪಾಠ ಮಾಡಿದವನ ಬುದ್ಧಿ ನೋಡಿ!

ಶೋಭಾ ತಲೆ ತಗ್ಗಿಸಿದಳು. “ಅಲ್ಲ ಮೇಷ್ಟ್ರೇ. ಮಾಡೆಲ್ ಅಂದ್ರೆ ಜೀವ ಇರೋ ಕುರಿಮರಿ. ಅದು ಇನ್ನೂ ತಾಯಿ ಹೊಟ್ಟೇಲಿರುವಾಗಲೇ ಆಪರೇಷನ್ ಮಾಡಿ, ಹೃದಯದ ಹತ್ತಿರದ ಒಂದು ರಕ್ತನಾಳ ಕಟ್ತಾರೆ. ಹುಟ್ಟಿದಾಗ ನಿಮ್ಮ ಮೊಮ್ಮಗು ಥರಾನೇ ನೀಲಿ ಆಗಿರುತ್ತೆ. ಅದಕ್ಕೆ ಗ್ಯಾಸ್ ಕೊಟ್ಟು ನೋಡಿದ್ದು.”

“ಗುಣ ಆದಮೇಲೆ ಬಿಟ್ಬಿಡ್ತಾರೆ ತಾನೇ?”

“ಇಲ್ಲ. ಶ್ವಾಸಕೋಶ ತೆಗೆದು ನೋಡ್ಬೇಕಲ್ಲ.”

ಅಯ್ಯೋ ಶಿವನೇ! ಬೇಕೆಂದೇ ಉಸಿರು ಕಟ್ಟಿಸಿ ಹುಟ್ಟಿಸುವುದೇ? ಹೇಸಿಗೆಯಾಯಿತು. ಅದರ ಜೊತೆಗೇ, ದಮ್ಮಯ್ಯ, ಆ ಗ್ಯಾಸು ಮಾತ್ರ ನಿಲ್ಲಿಸಬೇಡಿ ಎಂದು ಕೂಗಿಕೊಳ್ಳಬೇಕು ಅನ್ನಿಸಿತು. ನನಗೆ ಹೆಚ್ಚು ದಿಗಿಲಾದದ್ದು ಅದಕ್ಕೇ. ಸಾಕಮ್ಮ ಕೇಳಿದ್ದು ಒಂದೇ ಮಾತು: “ತಾಯಿ ಕುರಿ ಏನಾಯ್ತದೆ ಕಣವ್ವ?” ಶೋಭಾ ಮಗುವನ್ನು ನೋಡಿ ಬರುತ್ತೇನೆಂದು ಒಳಗೆ ಹೋದಳು.

ಮಾರನೆಯ ಮಧ್ಯಾಹ್ನ ಮಗು ಕೆಂಪಗಾಯಿತು. ಮನೆಗೆ ಕರೆತಂದ ಮೇಲೆ ನಾನೇ ಬಾಯಿಬಿಟ್ಟೆ: “ಮಾರಮ್ಮನ ಹರಕೆ ತೀರಿಸಿಬಿಡೋಣ ಕಣೇ.”

“ಇನ್ನೊಂದ್ಯಾಕ್ರೀ?” ಎಂದಳು ಸಾಕಮ್ಮ. “ಅದು ಆಗ್ಲೇ ತೀರೋಗದೆ.”

ಮೊನ್ನೆ ಅವಳ ತವರು ಬಿಳಿಗೆರೆಗೆ ಹೋಗಿದ್ದೆವು. ಮೊಮ್ಮಗಳು ಹಟ್ಟಿಯಲ್ಲಿದ್ದ ಕುರಿಮರಿಯೊಂದನ್ನು ತಬ್ಬಿಕೊಂಡು, “ತಾತ, ಇದರೆದೆ ಡವಡವ ಅಂತದೆ, ಮುಟ್ಟು ಬಾ” ಎಂದು ಕರೆದಳು.

ನನ್ನ ಕೈ ಏಳಲಿಲ್ಲ.