ತಂಗಿಗೂ ಹೇಳದ ಸಂಖ್ಯೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿ ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಂಡು, ಗದ್ದಲ ತಡೆಯುವ ಮುಚ್ಚಳವನ್ನು ಕಿವಿಗೆ ಏರಿಸಿಕೊಂಡು, ಆಳೆತ್ತರದ ಕಪಾಟುಗಳ ಸಾಲಿನ ನಡುವೆ ನಡೆಯುತ್ತಿದ್ದಾರೆ. ಕಪಾಟಿನ ತುಂಬ ಕಂಪ್ಯೂಟರುಗಳು. ಮುಂದಿನಿಂದ ತಣ್ಣನೆಯ ಗಾಳಿ ಒಳಕ್ಕೆ ನುಗ್ಗುತ್ತದೆ, ಹಿಂದಿನಿಂದ ಬಿಸಿಯಾಗಿ ಹೊರಗೆ ಬರುತ್ತದೆ. ಅವರು ಒಂದೊಂದು ಕಪಾಟಿನ ಬೆನ್ನಿಗೂ ಅಂಗೈ ಹಿಡಿದು ನೋಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವ ಹಾಗೆ. ಬಿಸಿ ಎಷ್ಟೆಂದು ಪರದೆಯ ಮೇಲೇ ಬರುತ್ತದಲ್ಲ ಎಂದು ಕೈಸನ್ನೆ ಮಾಡಿ ಕೇಳಿದರೆ, ಒಂದು ಕಿವಿಯ ಮುಚ್ಚಳ ಸರಿಸುತ್ತಾರೆ. "ಬರುತ್ತೆ. ಅದನ್ನೂ ನೋಡ್ತೀನಿ. ಆದ್ರೂ ಕೈ ಇಡದಿದ್ರೆ ನಂಗೆ ಸಮಾಧಾನ ಇಲ್ಲ." ಒಂದು ಕಡೆ ಕೆಂಪು ದೀಪ ಮಿನುಗುತ್ತಿದೆ. ಕೆಟ್ಟ ಡಿಸ್ಕನ್ನು ಎಳೆದು, ಹೊಸದನ್ನು ತಳ್ಳಿ, ದೀಪ ಹಸಿರಾಗುವವರೆಗೆ ಅಲ್ಲೇ ನಿಲ್ಲುತ್ತಾರೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಅಕ್ಕ ಎಂದೇ. ಇವರಿಗಿಂತ ಹತ್ತು ವರ್ಷ ದೊಡ್ಡವರಾದ, ತಲೆಯೆಲ್ಲ ನೆರೆತ ತಂಡದ ಮುಖ್ಯಸ್ಥರಿಗೂ ಅಕ್ಕನೇ. ಕಾರಣ ಸರಳ: ಇವರ ಸ್ವಂತ ತಂಗಿ ಮೇಲಿನ ಮಹಡಿಯಲ್ಲಿ ಭೌತವಿಜ್ಞಾನಿ. ಅವರು ದಿನಕ್ಕೆ ನೂರು ಸಲ "ಅಕ್ಕಾ" ಎಂದು ಕೂಗುವುದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಬಂತು.

ಲೆಕ್ಕಕ್ಕೂ ಇವರ ಬಗ್ಗೆ ಬರೆಯಲು ಬಂದ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಕ್ಕ ಬಿಡಲಿಲ್ಲ, ಚಹಾ ಕೊಟ್ಟು ಕೂರಿಸಿಕೊಂಡರು. ಪ್ರೋಟಾನಿನಲ್ಲಿ ಮೂರು ಕ್ವಾರ್ಕುಗಳಿವೆ ಎಂದು ಶಾಲೆಯಲ್ಲಿ ಓದಿ ಕೈ ತೊಳೆದುಕೊಂಡವರು ನಾವು. ಒಳಗೆ ಹೊಕ್ಕು ನೋಡಿದರೆ ಅಲ್ಲೊಂದು ಸಂತೆಯೇ ನೆರೆದಿದೆಯಂತೆ: ಕ್ವಾರ್ಕುಗಳು ಹುಟ್ಟುತ್ತವೆ, ಅಳಿಯುತ್ತವೆ, ಅವನ್ನು ಹಿಡಿದಿಡುವ ಬಲ ತನ್ನನ್ನು ತಾನೇ ಎಳೆದಾಡುತ್ತದೆ. ಕಾಗದದ ಮೇಲೆ ಬಗೆಹರಿಯುವ ಲೆಕ್ಕವಲ್ಲ ಇದು. ಹಾಗಾಗಿ ಜಾಗವನ್ನೂ ಕಾಲವನ್ನೂ ಒಂದು ಬಲೆಯಂತೆ ಹೆಣೆದು, ಗಂಟುಗಳಲ್ಲಿ ಕ್ವಾರ್ಕುಗಳನ್ನು, ನಡುವಿನ ದಾರಗಳಲ್ಲಿ ಆ ಬಲವನ್ನು ಇಟ್ಟು, ಕಂಪ್ಯೂಟರಿಗೆ ಕೊಡುತ್ತಾರೆ. ಅದು ತಿಂಗಳುಗಟ್ಟಲೆ ಲೆಕ್ಕ ಹಾಕಿ ಆ ಸಂತೆಯ ಸಾವಿರಾರು ಚಿತ್ರ ತೆಗೆದುಕೊಡುತ್ತದೆ. ಆ ಚಿತ್ರಗಳಲ್ಲಿ ಒಂದೂ ಹಾಳಾಗದಂತೆ ಕಾಯುವುದು ಅಕ್ಕನ ಕೆಲಸ. ಆ ರಾಶಿಯಿಂದ ಒಂದೇ ಒಂದು ಸಂಖ್ಯೆಯನ್ನು ಹಿಂಡಿ ತೆಗೆಯುವುದು ತಂಗಿಯ ಕೆಲಸ. ಒಳಗಿನ ಕ್ವಾರ್ಕುಗಳ ಗಿರಕಿ ಹೇಗೆ ಹಂಚಿಕೆಯಾಗಿದೆ ಎಂದು ತಿಳಿಸುವ ಸಂಖ್ಯೆ ಅದು.

ತಮಾಷೆ ಏನೆಂದರೆ, ಈ ಸಂಖ್ಯೆಯನ್ನು ಪ್ರಯೋಗ ಮಾಡಿ ಬೇರೆಯವರು ಎಂದೋ ಅಳೆದಿಟ್ಟಿದ್ದಾರೆ. ಮತ್ತೆ ಯಾಕಮ್ಮ ಈ ಒದ್ದಾಟ ಎಂದರೆ ಅಕ್ಕ ನಗುತ್ತಾರೆ. "ಗೊತ್ತಿರೋ ಲೆಕ್ಕ ಸರಿ ಬಂದ್ರೆ ತಾನೇ ಗೊತ್ತಿಲ್ಲದ್ದಕ್ಕೆ ಕೈ ಹಾಕೋದು? ಆದ್ರೆ ಉತ್ತರ ಮೊದಲೇ ಗೊತ್ತಿದ್ರೆ ಮನಸ್ಸು ಅದರ ಕಡೆಗೇ ವಾಲುತ್ತೆ. ಸರಿ ಬರೋವರೆಗೂ ತಪ್ಪು ಹುಡುಕ್ತಾರೆ, ಸರಿ ಬಂದ ಕೂಡ್ಲೇ ಹುಡುಕೋದು ನಿಲ್ಲಿಸ್ತಾರೆ."

ಅದಕ್ಕೇ ಇವರಲ್ಲೊಂದು ಪದ್ಧತಿ. ತಂಡಕ್ಕೆ ಅಂಕಿಅಂಶ ಕೊಡುವ ಮೊದಲೇ ಯಾರಾದರೊಬ್ಬರು ಅದನ್ನು ಒಂದು ಗುಟ್ಟಿನ ಸಂಖ್ಯೆಯಿಂದ ಗುಣಿಸಿಬಿಡುತ್ತಾರೆ. ಉಳಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಂತೆ ಕೆಲಸ ಮುಗಿಸಿ, "ಇನ್ನು ಬದಲಾಯಿಸುವುದಿಲ್ಲ" ಎಂದು ಒಪ್ಪಿದ ಮೇಲೆ ಒಂದು ದಿನ ಗುಟ್ಟು ತೆರೆಯುತ್ತಾರೆ. ಅಲ್ಲಿಯವರೆಗೆ ಗುಟ್ಟು ಇಟ್ಟುಕೊಂಡವರು ಉಸಿರೆತ್ತುವ ಹಾಗಿಲ್ಲ. ಎತ್ತಿದರೆ ಎಲ್ಲರ ದುಡಿಮೆಯೂ ನೀರುಪಾಲು. ಆ ಗುಟ್ಟಿನ ಒಡತಿ ನಮ್ಮ ಅಕ್ಕ. "ಅವರ ಹೊಟ್ಟೆಗೆ ಹೋದ ಮಾತು ಬಾಯಿಗೆ ಬರಲ್ಲ" ಎನ್ನುತ್ತಾರೆ ಮುಖ್ಯಸ್ಥರು. ಆದರೆ ಸಂಶೋಧನಾ ಲೇಖನಗಳಲ್ಲಿ ಅಕ್ಕನ ಹೆಸರಿರುವುದು ಕಟ್ಟಕಡೆಯ ಕೃತಜ್ಞತೆಯ ಸಾಲಿನಲ್ಲಿ, ವಿದ್ಯುತ್ತು ಕೊಟ್ಟವರ ಪಕ್ಕ.

ಮನೆ ನಡೆದುಹೋಗುವಷ್ಟು ಹತ್ತಿರ. ಎರಡು ಕೋಣೆ, ಒಂದು ಊಟದ ಮೇಜು, ಅಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳು. ಅಪ್ಪ ತೀರಿಹೋದಾಗ ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಕ್ಕ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ನಿಂತರು, ಸಂಜೆ ಬಂದು ತಂಗಿಗೆ ಪಾಠ ಹೇಳಿಕೊಟ್ಟರು. "ಹೇಳಿಕೊಟ್ಟಳು ಅಂದ್ರೆ, ಮಾಡಿಕೊಟ್ಟಳು" ಎಂದು ಅಮ್ಮ ತಿದ್ದುತ್ತಾರೆ. "ಇವಳು ತುಟಿ ಅಲ್ಲಾಡಿಸೋಳು, ಅವಳು ಬರೆದುಕೊಳ್ಳೋಳು. ನಾನೇನು ಕಂಡಿಲ್ವಾ?"

ಇಂಥ ಅಕ್ಕನಿಗೆ ಎರಡು ವರ್ಷದ ಹಿಂದೆ ಪರೀಕ್ಷೆ ಬಂತು. ತಂಗಿ ಮೂರು ವರ್ಷದ ದುಡಿಮೆಯನ್ನು ಒಂದು ಹಾಳೆಯ ಗ್ರಾಫಿಗೆ ಇಳಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದರು. "ನೋಡಕ್ಕ, ಗೆರೆ ಎಷ್ಟು ನೆಟ್ಟಗೆ ಬಂದಿದೆ." ಅಕ್ಕ ನೋಡಿದರು. ಹಲ್ಲು ಬಿದ್ದ ಕಡೆಗೇ ನಾಲಿಗೆ ಹೋಗುವ ಹಾಗೆ, ಬೇಡವೆಂದರೂ ತಲೆ ಗುಟ್ಟಿನ ಸಂಖ್ಯೆಯಿಂದ ಭಾಗಾಕಾರ ಮಾಡಿಬಿಟ್ಟಿತು. ಉತ್ತರ ಬರಬೇಕಾದದ್ದಕ್ಕಿಂತ ಕಡಿಮೆ ಇತ್ತು. ತಂಗಿ ಎಲ್ಲೋ ಎಡವಿದ್ದರು.

"ಊಟ ಆರ್ತಾ ಇದೆ, ತಿನ್ನು ಅಂದೆ. ಇನ್ನೇನು ಅನ್ನಲಿ? 'ಇನ್ನೊಂದ್ಸಲ ನೋಡು' ಅಂದ್ರೂ ಹೇಳಿಕೊಟ್ಟ ಹಾಗೇ. 'ಚೆನ್ನಾಗಿದೆ' ಅಂದ್ರೆ ಸುಳ್ಳು."

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮುಖ ಎಲ್ಲಿ ಬಾಯಿಬಿಡುತ್ತದೋ ಎಂಬ ಭಯಕ್ಕೆ ಅಕ್ಕ ತಂಗಿ ಏಳುವ ಮೊದಲೇ ಕೆಲಸಕ್ಕೆ ಹೊರಡತೊಡಗಿದರು. ಬೆಳಗಾಗುವ ಮುನ್ನ ಬರುವ ಅಭ್ಯಾಸ ಅಲ್ಲಿಂದ ಶುರುವಾದದ್ದು. ಅಮ್ಮನಿಗೆ ಇಬ್ಬರೂ ಜಗಳವಾಡಿದ್ದಾರೆಂಬ ಗುಮಾನಿ. "ಆಸ್ತಿಗಾ ಅಂತ ಕೇಳಿದೆ. ಇರೋದೇ ಎರಡು ಕೋಣೆ, ಅದ್ರಲ್ಲಿ ಒಂದು ನಂದು" ಎನ್ನುತ್ತಾರೆ.

ಗುಟ್ಟು ತೆರೆಯುವ ದಿನ ಅಕ್ಕನೇ ಎಲ್ಲರೆದುರು ಸಂಖ್ಯೆಯನ್ನು ಟೈಪ್ ಮಾಡಿದರು. ಪರದೆಯ ಮೇಲಿನ ಚುಕ್ಕೆ ಪ್ರಯೋಗದ ಸಂಖ್ಯೆಗಿಂತ ಕೆಳಗಿಳಿದು ಕೂತಿತು. ತಂಗಿ ಪರದೆ ನೋಡಲಿಲ್ಲ, ಅಕ್ಕನನ್ನು ನೋಡಿದರು.

ಮನೆಗೆ ಬಂದ ಮೇಲೆ ಕೇಳಿದರಂತೆ: "ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಬಾವಿಗೆ ಬೀಳೋದನ್ನ ನೀನು ನೋಡ್ಕೊಂಡು ಕೂತಿದ್ದೆ."

"ಹೂಂ."

ತಪ್ಪು ಉತ್ತರವನ್ನು ತಪ್ಪೆಂದೇ ಬರೆದು ಪ್ರಕಟಿಸಿದರು. ಬೇರೆ ತಂಡದವರು ಮುಸಿಮುಸಿ ನಕ್ಕರು. ಮನೆಯಲ್ಲಿ ವಾರಗಟ್ಟಲೆ ಮಾತಿಲ್ಲ. ಅಕ್ಕ ಅತ್ತದ್ದು ಕಂಪ್ಯೂಟರುಗಳ ಕೋಣೆಯಲ್ಲಿ. "ಅಲ್ಲಿ ಗದ್ದಲಕ್ಕೆ ಯಾರಿಗೂ ಕೇಳಿಸಲ್ಲ ನೋಡಿ" ಎಂದು ಈಗ ನಗುತ್ತಾ ಹೇಳುತ್ತಾರೆ. ನನಗೆ ನಗಲು ಆಗಲಿಲ್ಲ.

ಎಡವಿದ್ದೆಲ್ಲಿ ಎಂಬುದನ್ನು ಕೊನೆಗೆ ತಂಗಿಯೇ ಹುಡುಕಿದರು. ಬಲೆಯೊಳಗೆ ಪ್ರೋಟಾನನ್ನು ಹುಟ್ಟಿಸಿದ ಮೇಲೆ ಅದು ಶಾಂತವಾಗುವವರೆಗೆ ಕಾಯಬೇಕು. ಅವರು ಅವಸರಪಟ್ಟಿದ್ದರು. ಓಡಿ ಬಂದವನ ನಾಡಿ ಹಿಡಿದಂತಾಗಿತ್ತು. ಆದರೆ ಕಾದಷ್ಟೂ ಅಂಕಿಗಳಲ್ಲಿ ಗೊಂದಲ ಹೆಚ್ಚುತ್ತದೆ, ಅದರೊಳಗಿಂದ ಉತ್ತರ ಹೆಕ್ಕಲು ಹಲವು ಪಟ್ಟು ಚಿತ್ರ ಬೇಕು. ಆ ಚಿತ್ರಗಳಿಗಾಗಿಯೇ ಈ ಎರಡು ವರ್ಷ ಕಂಪ್ಯೂಟರುಗಳು ದುಡಿದಿವೆ, ಅಕ್ಕ ಅವುಗಳ ಬೆನ್ನು ಮುಟ್ಟಿ ನೋಡಿದ್ದಾರೆ. ಹೊಸ ಗೆರೆ ಬಂದಿದೆ. ಹೊಸ ಗುಟ್ಟನ್ನು ಮುಂದಿನ ತಿಂಗಳು ತೆರೆಯುತ್ತಾರೆ. ಈ ಸಲವೂ ತಪ್ಪಿದರೆ ಮತ್ತೆ ಕಂಪ್ಯೂಟರು ಕೊಡುವುದಿಲ್ಲ ಎಂದು ತಂಗಿಗೆ ತಿಳಿಸಿಯಾಗಿದೆ.

ಗೆರೆ ನೋಡಿದಿರಾ ಎಂದು ಕೇಳಿ ಅಕ್ಕನ ಮುಖವನ್ನೇ ದಿಟ್ಟಿಸುತ್ತೇನೆ. "ನೋಡಿದೆ" ಎನ್ನುತ್ತಾರೆ. ಆ ಮುಖದಲ್ಲಿ ನನಗೆ ಚಹಾ ಇನ್ನಷ್ಟು ಬೇಕೇ ಎಂಬ ಪ್ರಶ್ನೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ನಿಮ್ಮ ಆಸೆ ಏನು? "ತೆರೆದ ದಿನ ಏನೇ ಬರ್ಲಿ, ಅವತ್ತು ಅವಳ ಪಕ್ಕ ಊಟಕ್ಕೆ ಕೂತು ಬಾಯಿಗೆ ಬಂದದ್ದೆಲ್ಲಾ ಮಾತಾಡ್ಬೇಕು. ಅಷ್ಟೇ."

ಹಾಗಾದರೆ ಈ ಹೊರೆಯನ್ನು ಎರಡನೇ ಸಲ ಯಾಕೆ ಹೊತ್ತಿರಿ ಎಂದು ಕೇಳಿದೆ. ಅಕ್ಕ ಲೋಟ ಕೆಳಗಿಟ್ಟರು. "ನಾನು ಬೇಡ ಅಂತಾನೇ ಇದ್ದೆ. ಮುಖ್ಯಸ್ಥರೂ ಮೀಟಿಂಗಿನಲ್ಲಿ, ಈ ಸಲ ಬೇರೆಯವ್ರು ಇಟ್ಕೊಳ್ಲಿ, ಪಾಪ ಅವರ ಮನೇಲಿ ನೆಮ್ಮದಿ ಇರ್ಲಿ ಅಂದ್ರು. ಇವಳು ಎದ್ದು ನಿಂತ್ಲು. ಆಗಿನ್ನೂ ನನ್ನ ಹತ್ರ ಸರಿಯಾಗಿ ಮಾತಾಡ್ತಿರ್ಲಿಲ್ಲ. 'ಅಕ್ಕನೇ ಇಟ್ಕೊಳ್ಲಿ' ಅಂದ್ಲು. 'ನಾನು ಮುಳುಗ್ತಾ ಇದ್ರೂ ಬಾಯಿ ಬಿಡದೋಳು ಅವಳೊಬ್ಬಳೇ.'"

ಕಿವಿಯ ಮುಚ್ಚಳ ಎತ್ತಿಕೊಂಡು ಅವರು ಕೋಣೆಯತ್ತ ಹೊರಡುತ್ತಾರೆ. "ಅದು ಬೈದದ್ದೋ ಹೊಗಳಿದ್ದೋ ಅಂತ ಅಮ್ಮ ಇನ್ನೂ ಕೇಳ್ತಾ ಇರ್ತಾರೆ. ನಂಗೆ ಗೊತ್ತು."