ಅಕ್ಕನ ಕೋಪಕ್ಕೆ ನಾನು ಕೊಟ್ಟ ಅಂಕ

ಮೊನ್ನೆ ತಿ. ನರಸೀಪುರದ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಹಿಂದೆ ಇಂಥ ಸ್ಪರ್ಧೆಗಳಲ್ಲಿ ಗೆದ್ದವನು ಎಂಬುದೊಂದೇ ಅರ್ಹತೆ. ಅಂಕದ ಹಾಳೆಯ ಜೊತೆ ಕೆಂಪು ಪೆನ್ನು ಕೊಟ್ಟರು. ಮೊದಲ ಹುಡುಗಿ ಮಾತು ಮುಗಿಸಿದಳು. ಪೆನ್ನಿನ ಕ್ಯಾಪು ತೆಗೆದೆ, ಇಂಕಿನ ವಾಸನೆ ಮೂಗಿಗೆ ತಾಗಿತು. ಹತ್ತಕ್ಕೆ ಎಷ್ಟು ಎಂದು ಬರೆಯಲು ಕೈ ಏಳಲಿಲ್ಲ.

"ಏನ್ ಸಾರ್ ಅಷ್ಟ್ ಯೋಚ್ನೆ? ಬರೀರಿ, ಊಟಕ್ಕೆ ಹೊತ್ತಾಗುತ್ತೆ" ಎಂದರು ಪಕ್ಕದವರು. ಹತ್ತಕ್ಕೆ ಅಂಕ ಕೊಟ್ಟು ನಾನು ಏನು ಮಾಡಿಟ್ಟಿದ್ದೇನೆಂದು ಅವರಿಗೇನು ಗೊತ್ತು? ನಿಮಗೆ ಹೇಳುತ್ತೇನೆ.

ಅಕ್ಕ ಹದಿನಾರು ಗ್ರಾಮದ ಹತ್ತಿರದ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದಳು. ಅವಳ ಕೋಪ ಊರಿಗೇ ಗೊತ್ತು. ಅದರ ಹಿಂದೆಯೇ ಬರುವ ಅಳು ಮನೆಯವರಿಗೆ ಮಾತ್ರ. ಒಂದು ಬೆಳಿಗ್ಗೆ ಒಬ್ಬರ ಹಾಲಿಗೆ ಡಿಗ್ರಿ ಕಮ್ಮಿ, ನೀರು ಬೆರೆತಿದೆ ಎಂದಳು. ಅವರು, "ಅಳತೆ ಕಡ್ಡಿ ಸರೀಗದೆ ಕಣವ್ವ, ಇಡ್ಕೊಂಡಿರೋಳ್ಗೇ ತಲೆ ಸರೀಗಿಲ್ಲ" ಎಂದು ನಕ್ಕರಂತೆ. ಅಕ್ಕ ಕ್ಯಾನು ಎತ್ತಿ ಅಷ್ಟೂ ಹಾಲನ್ನು ಚರಂಡಿಗೆ ಸುರಿದು, ಅಲ್ಲೇ ಕೂತು ಅತ್ತಳು. ಡೇರಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: ಯಾರಿಗಾದರೂ ತೋರಿಸಿಕೊಂಡು ಬಾ, ಅಲ್ಲೀತನಕ ಕೆಲಸ ಕಾಯುತ್ತೆ.

ನಂಜನಗೂಡಿನ ಆಸ್ಪತ್ರೆಗೆ ಮಂಗಳವಾರ ಒಬ್ಬರು ಆಪ್ತಸಮಾಲೋಚಕಿ ಬರುತ್ತಿದ್ದರು. ನಾನೂ ಜೊತೆಗೆ ಹೋದೆ. ಅಕ್ಕನ ನೆರವಿಗಲ್ಲ; ಈ ವಿದ್ಯೆಯ ಬಂಡವಾಳ ಬಯಲು ಮಾಡಲು.

"ಸಿಟ್ಟು ಬರೋಕೆ ಮುಂಚೆ ಮೈಯಲ್ಲಿ ಏನಾಗುತ್ತಮ್ಮ? ಹತ್ತಕ್ಕೆ ಎಷ್ಟು ಅನ್ಸುತ್ತೆ?" ಎಂದು ಮೇಡಂ ಅಕ್ಕನನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು, "ರಕ್ತಕ್ಕೆ ಪರೀಕ್ಷೆ ಇದೆ ಮೇಡಂ, ಸಕ್ಕರೆಗೆ ಇದೆ. ಸಿಟ್ಟು ಎಷ್ಟು ಅಂತ ಅವರವರೇ ಹೇಳಿದರೆ ಅದೆಂಥ ಪರೀಕ್ಷೆ?" ಎಂದೆ.

"ಎಷ್ಟು ಏರ್ತಾ ಇದೆ ಅಂತ ಅವರೇ ಗುರುತು ಹಿಡಿಯೋದು ಕಲಿತರೆ, ಮಿತಿ ಮೀರೋಕೆ ಮುಂಚೆ ಏನಾದ್ರೂ ಮಾಡಬಹುದು ಸಾರ್. ಈಗ ಅವರು ಮಾತಾಡಬಹುದಾ?"

ಅಕ್ಕ ಮೆಲ್ಲಗೆ, "ಕತ್ತಿನ ಹಿಂದೆ ಬಿಸಿ ಆಯ್ತದೆ ಮೇಡಂ. ಆಮೇಕೆ ಕಿವಿ ಕೇಳ್ಸಲ್ಲ" ಎಂದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೂ ಆಗ ನನಗೆ ತಟ್ಟಲಿಲ್ಲ.

ಮೇಡಂ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟರು: ಏನಾಯಿತು, ಮೈಗೆ ಏನನ್ನಿಸಿತು, ಹತ್ತಕ್ಕೆ ಎಷ್ಟು, ಏನು ಮಾಡಿದೆ. ಆರು ದಾಟುವ ಹಾಗಿದ್ದರೆ ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಬೇಕು. ಅಕ್ಕ ಮೂರು ವಾರ ಶ್ರದ್ಧೆಯಿಂದ ಬರೆದಳು, ಎದ್ದು ಹೋಗುತ್ತಲೂ ಇದ್ದಳು. "ಈಚೀಚ್ಗೆ ಪಾತ್ರೆ ಸದ್ದೇ ಇಲ್ವಲ್ಲ ಕಣ್ಲಾ" ಎಂದು ಅವ್ವ ಬೆರಗಾದಳು.

ಆ ಪುಸ್ತಕವನ್ನು ನಾನು ಕೇಳದೆ ತೆಗೆದು ಓದಿದೆ. ಅದರಲ್ಲೊಂದು ಸಾಲು: "ತಮ್ಮ ನನ್ನ ಮಾತು ಮುಗಿಯೋ ಮುಂಚೆ ನಕ್ಕ. ಕತ್ತು ಬಿಸಿ. ಎಂಟು. ಎದ್ದು ಹೋಗಿ ಮುಖ ತೊಳೆದೆ." ಎದುರಾಳಿಯ ಟಿಪ್ಪಣಿ ಕೈಗೆ ಸಿಕ್ಕ ಚರ್ಚಾಪಟು ಮಾಡುವುದನ್ನೇ ಮಾಡಿದೆ ನೋಡಿ. ಕೆಂಪು ಪೆನ್ನಿನಲ್ಲಿ ಸಾಲುಸಾಲಿಗೆ ಖಂಡನೆ. ಒಂದು ಕಡೆ "ಸಾಕ್ಷಿ ಏನು?" ಇನ್ನೊಂದು ಕಡೆ "ಇದು ಊಹೆ." ನನ್ನ ನಗುವಿನ ಮುಂದೆ: "ನಗು ಅಪರಾಧವಲ್ಲ. ಎಂಟು ಅತಿಯಾಯಿತು. ಎರಡು." ತಮಾಷೆ ಎಂದುಕೊಂಡಿದ್ದೆ, ಸ್ವಲ್ಪ ಉಪಕಾರ ಎಂದೂ.

ಅಕ್ಕ ಅದನ್ನು ಓದಿ ಪುಸ್ತಕ ಮುಚ್ಚಿಟ್ಟಳು. ಸ್ಪರ್ಧೆಯಲ್ಲಿ ಎದುರಿನವರು ಸುಮ್ಮನಾದರೆ ನಾವು ಗೆದ್ದ ಹಾಗೆ. ಗೆದ್ದವನಂತೆಯೇ ಓಡಾಡಿದೆ.

ಹದಿನೈದು ದಿನಕ್ಕೆ ಅವಳು ಬಾಗಿಲಿಗೆ ಗುದ್ದಿ ಬೆರಳು ಮುರಿದುಕೊಂಡಳು. ಅವ್ವ ಆಟೋದಲ್ಲಿ ಕರೆದೊಯ್ದ ಮೇಲೆ ನಾನು ಪುಸ್ತಕ ತೆಗೆದೆ. ನನ್ನ ಕೆಂಪಕ್ಷರದ ಮುಂದಿನ ಪುಟಗಳಲ್ಲಿ ಅಂಕದ ಜಾಗದಲ್ಲೆಲ್ಲ ಎರಡು, ಎರಡು, ಎರಡು. ಏನು ಮಾಡಿದೆ ಎಂಬಲ್ಲಿ, ಸುಮ್ಮನಿದ್ದೆ. ಎರಡಕ್ಕೆ ಯಾರು ಎದ್ದು ಹೋಗಿ ಮುಖ ತೊಳೆಯುತ್ತಾರೆ?

ಆಮೇಲೆ ಅವಳು ನಂಜನಗೂಡಿಗೆ ಹೋಗಲಿಲ್ಲ. ಡೇರಿಗೆ ಬೇರೆಯವರು ಬಂದರು. "ಬರ್ದು ಬರ್ದು ಸಿಟ್ಟು ಓಯ್ತದಾ, ಸುಳ್ಳು!" ಎಂದು ಅವ್ವ ಆ ಚಿಕಿತ್ಸೆಯನ್ನೇ ಬೈದಾಗ ನಾನು ಹೌದೆಂದು ತಲೆಯಾಡಿಸಿದೆ. ಹಾಗೆ ಎರಡು ವರ್ಷ ತಲೆಯಾಡಿಸಿಕೊಂಡೇ ಇದ್ದೆ. ಬರೆದದ್ದಕ್ಕಿಂತ ಇದು ಹೇಸಿಗೆಯದು.

ಮೊನ್ನೆ ಸ್ಪರ್ಧೆಯಿಂದ ನೇರ ಮನೆಗೆ ಬಂದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು.

"ಅಕ್ಕ, ನಿನ್ ಪುಸ್ತಕದಲ್ಲಿ ಎರಡು ಅಂತ ಬರೆದ್ನಲ್ಲ, ಅದು ತಪ್ಪು."

ಅವಳ ಕೈ ನಿಲ್ಲಲಿಲ್ಲ. "ತಪ್ಪಾ? ನಂದೇ ತಪ್ಪು ಅಂದ್ಕೊಂಡಿದ್ದೆ ಕಣ್ಲಾ. ನೀನು ಓದಿರೋನು. ಇರೋದು ಎರಡೇ, ನಂಗೇ ಎಂಟು ಅನ್ನುಸ್ತದೆ ಅಂತ ತಡ್ಕೊಂಡೆ, ತಡ್ಕೊಂಡೆ..."

"ಎಷ್ಟು ಅಂತ ನಿಂಗೇ ಗೊತ್ತಿರೋದು ಅಕ್ಕ" ಎಂದೆ.

"ಓ, ಇವತ್ತು ಗೊತ್ತಾಯ್ತಾ ಪಂಡಿತರಿಗೆ!" ಎಂದು ಸಿಪ್ಪೆಯನ್ನು ನನ್ನ ಮುಖಕ್ಕೇ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದಲೇ ಕೇಳಿದಳು: "ಆ ಮೇಡಂ ಇನ್ನೂ ಮಂಗ್ಳಾರನೇ ಬತ್ತಾರಾ?"

ಈ ಮಂಗಳವಾರ ಹೋದೆವು. ಮೇಡಂ ಕರೆದಾಗ ಅಭ್ಯಾಸಬಲದಿಂದ ನಾನೂ ಎದ್ದೆ. "ನೀನೆಲ್ಗೆ? ಕೂತ್ಕೊ" ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅವಳ ದನಿ ಏರಿತು. ನನ್ನ ಹೆಸರು ಕೇಳಿಸಿತು. ನಾನು ಮಾಡಿಯೇ ಇರದ ಒಂದೆರಡು ತಪ್ಪುಗಳ ಆರೋಪವೂ ಕೇಳಿಸಿತು. ಉತ್ತರ ನಾಲಗೆಯ ತುದಿಯಲ್ಲಿತ್ತು, ಪುರಾವೆ ಸಮೇತ. ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಬಾಗಿಲನ್ನೂ ನನ್ನನ್ನೂ ನೋಡಿ, "ನಿಮ್ ಕಡೆಯೋರಾ ಮಗ?" ಎಂದರು.

"ಹೂಂ ಅಜ್ಜಿ, ನಮ್ಮಕ್ಕ. ನನ್ನೇ ಬೈತಾ ಇರೋದು" ಎಂದೆ.