ಜೋಗಮ್ಮ ಕಳಿಸಿದ ಬದ್ಲಿ

“ಜೋಗಮ್ಮನ ಬದ್ಲಿ ಬರತಾಳಂತ? ಅದಕ್ಕಿಂತ ಒಂದು ಖಾಲಿ ಖುರ್ಚಿ ಇಡ್ರಿ ಯವ್ವಾ. ಖುರ್ಚಿ ಉಣ್ಣಂಗಿಲ್ಲ, ಗೊರಕಿ ಹೊಡಿಯಂಗಿಲ್ಲ.”

ಸಿಂಧನೂರಿನ ಕುಷ್ಟಗಿ ರಸ್ತೆಯಿಂದ ಒಳಕ್ಕೆ ಸರಿದ ಆ ಓಣಿಯಲ್ಲಿ ಹೆಂಗಸರು ಬಾಗಿಲಿಗೆ ನೀರು ಹಾಕುತ್ತ ಹೀಗನ್ನುತ್ತಿದ್ದರು. ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ ಬಾಬುಸಾಬ್ ಇನ್ನೂ ಒಂದು ಮಾತು ಸೇರಿಸುತ್ತಿದ್ದ: “ಅಂಥಾ ಮಂದೀನ ಈಕಿ ಎಲ್ಲಿಂದ ಹುಡುಕ್ಯಾಡಿ ತರತಾಳೋ ಏನೋ. ನಾವು ಬೇಕಂದ್ರೂ ಸಿಗಂಗಿಲ್ಲ.” ಅವನು ನಗೆಗೆ ಅಂದದ್ದು. ಆದರೆ ಜೋಗಮ್ಮ ನಿಜಕ್ಕೂ ಹುಡುಕಾಡಿಯೇ ತರುತ್ತಿದ್ದಳು.

ಅವಳು ಮಸ್ಕಿ ಕಡೆಯ ಪಾಮನಕಲ್ಲೂರಿನವಳು. ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವುದು ಅವಳ ಕೆಲಸ. ಆರು ವರ್ಷದಿಂದ ಬಸವಂತರಾಯರ ಮನೆಯಲ್ಲಿದ್ದಳು. ರಾಯರು ಬೀಜ-ಗೊಬ್ಬರದ ಅಂಗಡಿ ನಡೆಸಿದವರು. ದಿನಕ್ಕೆ ನೂರು ರೈತರ ಹತ್ತಿರ ಬಾಯಿ ನೋಯುವಷ್ಟು ಮಾತಾಡುತ್ತಿದ್ದ ಮನುಷ್ಯ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ಮುಂಜಾನೆ ಹೋದವು. ಉಳಿದದ್ದು ಎಡಗೈ ಮತ್ತು ಗಂಟಲಿನಿಂದ ಹೊರಡುವ ಒಂದು ‘ಹಾಂ’.

ಜೋಗಮ್ಮನ ಕೈ ಮಾತ್ರ ಒಳ್ಳೆಯ ಕೈ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಅವಳ ಮೇಲೆ ಬರಬೇಕಾದಷ್ಟು ತಿರಸ್ಕಾರ ಬರುವುದಿಲ್ಲ. ಆರು ವರ್ಷ ಮಲಗಿದವರ ಬೆನ್ನಿಗೆ ಒಂದು ಹುಣ್ಣು ಬೀಳಲಿಲ್ಲ. ಗಂಜಿ ಒಮ್ಮೆಯೂ ನೆತ್ತಿಗೆ ಹತ್ತಲಿಲ್ಲ. ಅಂಥ ಕೈ ಇದ್ದವಳಿಗೆ ಯಾರ ಹೆದರಿಕೆಯೂ ಬೇಕಿರಲಿಲ್ಲ. ಆದರೂ ಅವಳು ಹಗಲೆಲ್ಲ ಹೆದರುತ್ತಿದ್ದಳು: ಈ ಮನೆ ಕೈತಪ್ಪಿದರೆ? ಇನ್ನೊಬ್ಬಳು ಬಂದು ಕೂತರೆ?

ಅದಕ್ಕೆ ಅವಳು ಮಾಡಿಕೊಂಡ ಮೊದಲ ಉಪಾಯವೆಂದರೆ ರಾಯರ ಬಾಯಿ ತಾನೇ ಆದದ್ದು. ರಾಯರು ‘ಹಾಂ’ ಅಂದರೆ ಸೊಸೆ ಶಿವಕುಮಾರಿ ಜೋಗಮ್ಮನ ಮುಖ ನೋಡುತ್ತಿದ್ದಳು. “ಉಪ್ಪಿಟ್ಟು ಬ್ಯಾಡಂತ್ರಿ, ಗಂಜಿ ಸಾಕಂತ.” ಗಂಜಿ ತಿನ್ನಿಸುವುದು ಸುಲಭ. ರಾಯರು ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರೆ, “ಬಾಗಲಾ ಹಾಕಂತಾರ. ಗದ್ದಲ ಆಗತೈತಂತ ಅವರಿಗೆ,” ಅನ್ನುತ್ತಿದ್ದಳು. ಬಾಗಿಲು ಹಾಕುತ್ತಿದ್ದರು. ರಾಯರು ಮತ್ತೆ ತೋರಿಸಿದರೆ ಚಿಲಕವನ್ನೂ ಹಾಕುತ್ತಿದ್ದರು.

ಮಗ ಚನ್ನು ಅಪ್ಪನ ಅಂಗಡಿಯಲ್ಲೇ ಕೂಡುತ್ತಿದ್ದ. ಬಂದವರೆಲ್ಲರನ್ನೂ ಯಾವ ಬೀಜ, ಎಷ್ಟು ಎಕರೆ ಎಂದು ವಿಚಾರಿಸುವವನು ಮನೆಗೆ ಬಂದು ಕೇಳುತ್ತಿದ್ದದ್ದು ಜೋಗಮ್ಮನನ್ನು: “ಹ್ಯಾಂಗದಾರ?”

“ಆರಾಮ ಅದಾರ್ರಿ.”

ಅಲ್ಲಿಗೆ ಮಗನ ಕೆಲಸ ಮುಗಿಯುತ್ತಿತ್ತು.

ಎರಡನೆಯ ಉಪಾಯ ಬದ್ಲಿಗಳದು. ಮಳೆಗಾಲದಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಈ ಸೀಮೆಯಲ್ಲಿ ಕೂಲಿಯ ಹೆಂಗಸು ಮನೆಯೊಳಗೆ ನಿಲ್ಲುವುದಿಲ್ಲ. ನೆಲ್ಲು ಹಚ್ಚುವ ಇಪ್ಪತ್ತು ದಿನದಲ್ಲಿ ಸಿಗುವ ಕೂಲಿ ಬೇರೆ ಯಾವಾಗಲೂ ಸಿಗದು. ಜೋಗಮ್ಮನಿಗಂತೂ ಪಾಮನಕಲ್ಲೂರಿನಿಂದ ಬರುವ ಹದಿನೆಂಟು ಹೆಂಗಸರ ಗುಂಪಿನ ಹಿರಿತನವಿತ್ತು. ಸಾಲಗುಂದದ ಗದ್ದೆಗಳಿಗೆ ಅವಳೇ ಅವರನ್ನು ಇಳಿಸಬೇಕು. ಹಾಗಾಗಿ ವರ್ಷಕ್ಕೊಮ್ಮೆ ರಾಯರಿಗೆ ಬದಲಿ ಆಳು ಬೇಕಾಗುತ್ತಿತ್ತು. ಹುಡುಕುವ ತೊಂದರೆ ಚನ್ನುವಿಗೆ ಬೇಡ, ಶಿವಕುಮಾರಿಗೂ ಬೇಡ. “ನೀನೇ ಯಾರನ್ನಾರ ಕೊಟ್ಟು ಹೋಗು,” ಅಂದುಬಿಡುತ್ತಿದ್ದರು.

ಅವಳು ಕೊಟ್ಟು ಹೋಗುತ್ತಿದ್ದಳು. ಮೊದಲ ವರ್ಷ ಕೊಟ್ಟವಳು ಮಂಚದ ಕೆಳಗೇ ಚಾಪೆ ಹಾಸಿಕೊಂಡು ನಿದ್ದೆಹೋಗುವವಳು. ಮರುವರ್ಷದವಳು ರೋಗಿಯನ್ನು ಕಂಡೊಡನೆ ಸೆರಗಿನಿಂದ ಮೂಗು ಮುಚ್ಚಿ, ಎರಡು ಮಾರು ದೂರದಿಂದ ಚಮಚ ಚಾಚುವವಳು. ಇನ್ನೊಬ್ಬಳು ರಾಯರ ಮುಖ ನೋಡಿದಾಗೆಲ್ಲ ಸತ್ತ ಗಂಡನನ್ನು ನೆನೆದು ಅಳುವವಳು. ಹದಿನೈದನೆಯ ದಿನಕ್ಕೆ ರಾಯರೇ ಅವಳ ತಲೆ ಸವರಿ ಸಮಾಧಾನ ಮಾಡುವಂತಾಗಿತ್ತು. ಜೋಗಮ್ಮ ಕೆಸರು ತೊಳೆದುಕೊಂಡು ಹಿಂದಿರುಗಿದ ದಿನ ಶಿವಕುಮಾರಿ ಕೈ ಹಿಡಿದು, “ನೀ ಬಂದಿ ನೋಡು, ಜೀವ ಬಂತು ನಮಗ,” ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿಯೇ ಇಷ್ಟೆಲ್ಲ.

ಆರಿಸುವುದಕ್ಕೆ ಅವಳದೊಂದು ಪದ್ಧತಿಯಿತ್ತು. ಮಸ್ಕಿ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಕರೆದು, ಕುದಿಯುವ ಚಹಾ ತರಿಸಿ, “ನನಗೊಂದೀಟು ಬಸಿಗಿ ಹಾಕಿ ಕೊಡು,” ಅನ್ನುತ್ತಿದ್ದಳು. ಚೆಲ್ಲದೆ ಬಸಿಗೆ ಸುರಿದು, ಊದಿ ಆರಿಸಿ ಕೈಗೆ ಕೊಟ್ಟವಳಿಗೆ, “ಮುಂದಿನ ವರ್ಷ ನೋಡೂಣು ತಂಗಿ,” ಎಂದು ಬಸ್ಸು ಹತ್ತಿಸುತ್ತಿದ್ದಳು. ಚೆಲ್ಲಿದವಳಿಗೆ ಕೆಲಸ.

ಇದು ಬರಬರುತ್ತ ಅವಳದೊಂದು ಕಸುಬೇ ಆಯಿತು. ಲಿಂಗಸುಗೂರಿನಲ್ಲಿ ಒಬ್ಬ ಮೇಷ್ಟ್ರ ವಿಧವೆಯನ್ನು ನೋಡಿಕೊಳ್ಳುತ್ತಿದ್ದ ಆದಮ್ಮ ಒಮ್ಮೆ ಫೋನು ಮಾಡಿದಳು.

“ಯಕ್ಕಾ, ತಂಗಿ ಮಗಳ ಮದುವಿ ಐತಿ. ಹತ್ತು ದಿನಕ್ಕ ಯಾರನ್ನಾರ ಕಳಸು. ಆದ್ರ ಭಾಳ ಚಲೋದಾಕಿ ಬ್ಯಾಡ.”

“ಭಾಳ ಚಲೋದಾಕಿ ನನ್ನತ್ರ ಇರಂಗೇ ಇಲ್ಲ ಬೇ, ಫಿಕರ್ ಮಾಡಬ್ಯಾಡ.”

ಇಬ್ಬರೂ ನಕ್ಕರು. ಜೋಗಮ್ಮ ಕಳಿಸಿದವಳು ಹತ್ತು ದಿನವೂ ಫೋನಿನಲ್ಲಿ ಕಣ್ಣು ನೆಟ್ಟು ಕೂತಳು. ಆ ಮುದುಕಿ ಅರ್ಧರ್ಧ ದಿನ ಒದ್ದೆಯಲ್ಲೇ ಮಲಗಿದಳು. ಮದುವೆ ಮುಗಿಸಿ ಬಂದ ಆದಮ್ಮನನ್ನು ಮುದುಕಿ ಬಿಗಿಯಾಗಿ ಹಿಡಿದುಕೊಂಡಳಂತೆ, ಬಿಡಲೇ ಇಲ್ಲವಂತೆ. ಅದನ್ನು ಆದಮ್ಮ ಹೆಮ್ಮೆಯಿಂದ ಹೇಳಿಕೊಂಡಳು. ಆಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ಆಯಾಗಳು ಬದ್ಲಿ ಬೇಕಾದರೆ ಜೋಗಮ್ಮನಿಗೇ ಫೋನು ಮಾಡತೊಡಗಿದರು. ಅವಳು ಕಳಿಸಿದವರು ಯಾರ ಕೆಲಸವನ್ನೂ ಕಸಿಯುತ್ತಿರಲಿಲ್ಲ.

ಹೋದ ವರ್ಷ ನೀರು ವಾರ ಮೊದಲೇ ಬಂತು. ಸಿಗಬೇಕಾದ ಸೋಮಾರಿಗಳೂ ಗದ್ದೆಗಿಳಿದುಬಿಟ್ಟಿದ್ದರು. ಕೊನೆಗೆ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬಳಿದ್ದಾಳೆಂದು ಗೊತ್ತಾಯಿತು. ಅನುಪಮಾ ಅಂತ. ಕ್ಯಾಂಪಿನ ಬಂಗಾಲಿಗಳು ಕನ್ನಡ ನಮ್ಮಂತೆಯೇ ಆಡುತ್ತಾರೆ; ಆದರೆ ಇವಳು ಅಲ್ಲಿಗೆ ಹೊಸ ಸೊಸೆ, ಕೋಲ್ಕತ್ತಾದ ಕಡೆಯಿಂದ ಬಂದು ವರ್ಷವಾಗಿರಲಿಲ್ಲ. ಪೇಟೆಯಲ್ಲಿ ಬೆಳೆದವಳು, ನೆಲ್ಲು ಹಚ್ಚಿದರೆ ಸಾಲು ಓರೆಯಾಗುತ್ತಿತ್ತು. ಯಾವ ಗುಂಪೂ ಸೇರಿಸಿಕೊಂಡಿರಲಿಲ್ಲ. ಜೋಗಮ್ಮ ಚಹಾ ತರಿಸಿದಳು. ಹುಡುಗಿಗೆ ಬಸಿಯೇನೆಂದು ತಿಳಿಯದೆ ಅರ್ಧ ಲೋಟ ಜೋಗಮ್ಮನ ಸೀರೆಯ ಮೇಲೇ ಹೋಯಿತು.

“ಹೆಸರು ಕೇಳಿದ್ರ ಊರು ಹೇಳತಾಳ್ರಿ,” ಎಂದು ಜೋಗಮ್ಮ ಶಿವಕುಮಾರಿಯ ಮುಂದೆ ಹುಡುಗಿಯನ್ನು ನಿಲ್ಲಿಸಿ ನಕ್ಕಳು. “ಇಪ್ಪತ್ತು ದಿನ ಹ್ಯಾಂಗಾರ ತಳ್ರಿ. ನಾ ಬಂದು ಸರಿ ಮಾಡತೀನಿ.” ಗುಂಪು ಕಟ್ಟಿಕೊಂಡು ಸಾಲಗುಂದಕ್ಕೆ ಹೋದಳು, ನಿಶ್ಚಿಂತೆಯಿಂದ.

ಮೊದಲ ದಿನವೇ ರಾಯರು ಎಡಗೈ ಎತ್ತಿ ಬಾಗಿಲು ತೋರಿಸಿದರು. ಹಾಗಂದರೆ ಬಾಗಿಲು ಹಾಕಬೇಕೆಂದು ಅನುಪಮಾಗೆ ಯಾರೂ ಹೇಳಿರಲಿಲ್ಲ; ಹೇಳಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅಜ್ಜ ಬಾಗಿಲು ತೋರಿಸಿದರು, ಅವಳು ಅವರನ್ನು ಬಾಗಿಲಿಗೆ ಕರೆದೊಯ್ದಳು. ಅಟ್ಟದ ಕೆಳಗೆ ಪೇಪರ್ ಹೊದ್ದು ಕೂತಿದ್ದ ಗಾಲಿಖುರ್ಚಿ ಎಳೆದು, ಹೇಗೋ ಕೂಡಿಸಿ, ಹೊಸ್ತಿಲಿಗೆ ಎರಡು ಸಲ ಬಡಿದು, ಬೆವರು ಸುರಿಸುತ್ತ ಹೊರಗೆ ತಂದಳು. ರಾಯರ ಮೊಣಕಾಲು ತರಚಿತ್ತು. ಅವರು ಅದನ್ನು ನೋಡಲೂ ಇಲ್ಲ.

ಬಾಬುಸಾಬ್ ಕೈಯಲ್ಲಿದ್ದ ಟ್ಯೂಬು ನೀರಿನ ತೊಟ್ಟಿಗೆ ಹಾಕಿ ಓಡಿಬಂದ.

“ಸಾವ್ಕಾರ್ರೆ! ಅಲ್ರೀ, ಜೀವಂತ ಅದೀರಾ? ಆರು ವರ್ಷ ಎಲ್ಲಿ ಹೋಗಿದ್ರಿ, ಹತ್ತು ಗಜದಾಗ ಕುಂತು?”

ರಾಯರ ‘ಹಾಂ’ ಆ ದಿನ ಓಣಿಯ ಕೊನೆಯವರೆಗೂ ಕೇಳಿಸಿತು. ನಕ್ಕದ್ದು ಅದು.

ದಿನವೂ ಮುಂಜಾನೆ ಹೊರಗೆ ಕೂಡುವುದಾಯಿತು. ಹಳೆಯ ಗಿರಾಕಿಗಳು ಮೋಟರ್‌ಸೈಕಲ್ ನಿಲ್ಲಿಸಿ ಮಾತಾಡಿಸಿದರು. ಕೆಲವರು ಹಾಗೇ ಒಳಗೂ ಬಂದರು. ಎಂಟು ದಿನಕ್ಕೆ ಶಿವಕುಮಾರಿಗೆ ಸಾಕಾಗಿ ಸಾಲಗುಂದಕ್ಕೆ ಫೋನು ಮಾಡಿದಳು.

“ಜೋಗಮ್ಮ, ಈಕೀನ ಎಲ್ಲಿಂದ ತಂದಿ ನೀ? ಮಾವಾರು ಜೊಲ್ಲು ಸುರಿಸಿಗೋತ ಓಣ್ಯಾಗ ಕುಂತಾರ. ದಿನಾ ಹತ್ತು ಮಂದಿಗಿ ಚಹಾ ಮಾಡಾಕತ್ತೀನಿ ನಾ. ಮರ್ಯಾದಿ ಏನುಳೀತು?”

“ಹೊರಗ ಯಾರು ತಂದ್ರು?”

“ಮತ್ತ ಯಾರು? ಅವರು ಬಾಗಲಾ ತೋರಸ್ತಾರ, ಈಕಿ ಖುರ್ಚಿ ತಳ್ಳತಾಳ.”

ಮೊಣಕಾಲು ಮಟ್ಟದ ಕೆಸರಿನಲ್ಲಿ, ಒಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು ನಿಂತಿದ್ದ ಜೋಗಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಕೈ ಏನನ್ನುತ್ತದೆಂದು ಅವಳಿಗೆ ಎರಡನೆಯ ತಿಂಗಳಿನಿಂದಲೇ ಗೊತ್ತಿತ್ತು. ಹೊಸ್ತಿಲು ದಾಟಿಸುವುದು ದಿನದಿನದ ರಗಳೆ. ದಾಟಿದ ಮೇಲೆ ಓಣಿಯೆಲ್ಲ ರಾಯರನ್ನು ಮಾತಾಡಿಸುತ್ತದೆ, ಆಗ ನಡುವೆ ಜೋಗಮ್ಮ ಯಾಕೆ ಬೇಕು? ಸಸಿಯ ಕಟ್ಟನ್ನು ಪಕ್ಕದವಳ ಕೈಗಿಟ್ಟು, ಕಾಲು ತೊಳೆಯದೆ ಬಸ್ಸು ಹತ್ತಿದಳು.

ಅನುಪಮಾ ಹೊಸ್ತಿಲ ಬಳಿ ಕೂತು ಅಜ್ಜನ ಉಗುರು ತೆಗೆಯುತ್ತಿದ್ದಳು.

“ಕಾಮ್ ಖತಂ. ಹೊಂಡು ನೀ,” ಅಂದಳು ಜೋಗಮ್ಮ.

“ದಾದು... ಬೆಳಿಗ್ಗಿ... ಹೊರಗ,” ಎಂದು ಹುಡುಗಿ ಅಜ್ಜನನ್ನು ತೋರಿಸಿ, ಅಷ್ಟರಲ್ಲಿ ಕಲಿತಿದ್ದ ಎರಡು ಮಾತು ಒಪ್ಪಿಸಿದಳು.

“ಗೊತ್ತೈತಿ ನಡಿ. ನನಗ ಕಲಸಾಕ ಬಂದಾಳ.”

ಮರುದಿನ ಮುಂಜಾನೆ ರಾಯರು ಕೈ ಎತ್ತಿದರು. ಜೋಗಮ್ಮ ಬಾಗಿಲು ಹಾಕಿ, ಗಂಜಿ ತಂದು ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಗಲ್ಲ ಒತ್ತಿ ಬಾಯಿ ಬಿಡಿಸುವುದು, ಓರೆಯಿಂದ ಚಮಚ ತೂರಿಸುವುದು, ಗಂಟಲು ಸವರಿ ನುಂಗಿಸುವುದು, ಅವಳ ವಿದ್ಯೆಗಳೆಲ್ಲ ಗಂಜಿಯ ಸಮೇತ ಅಂಗಿಯ ಮೇಲೆ ಸುರಿದವು. ಎಡಗೈಯಿಂದ ತಾವೇ ಲೋಟ ಹಿಡಿದು ನೀರು ಮಾತ್ರ ಕುಡಿದರು. ಎರಡನೆಯ ದಿನವೂ ಹೀಗೇ.

ಮೂರನೆಯ ಮುಂಜಾನೆ ಚನ್ನು ಅಂಗಡಿಯ ಕೀಲಿ ಹಿಡಿದು ಬಾಗಿಲಲ್ಲಿ ನಿಂತ. “ಯಾಕ ಉಣ್ಣವಲ್ರು?”

“ಹಸಿವಿಲ್ಲಂತ್ರಿ. ಮೋಡದ ದಿನ ನೋಡ್ರಿ.”

ಚನ್ನು ಅಪ್ಪನ ಕಡೆ ನೋಡಿದ. ಕೆನ್ನೆ ಒಳಗೆ ಹೋಗಿತ್ತು. ಕೈ ಬಾಗಿಲ ಕಡೆಗೇ ಇತ್ತು. ಆ ದೊಡ್ಡ ಸಾಹುಕಾರ ಆರು ವರ್ಷದಲ್ಲಿ ಮೊದಲ ಸಲ ಅಪ್ಪನನ್ನೇ ಕೇಳಿದ: “ಯಪ್ಪಾ, ಹೊರಗ ಹೋಗ್ತೀ ಏನು?”

ರಾಯರು ಗೋಣು ಹಾಕಿದರು. ಮತ್ತೆ ಮತ್ತೆ ಹಾಕಿದರು. ಕಣ್ಣಿನಿಂದ ನೀರು ಇಳಿಯಿತು.

ಒಂದು ಮಾತು ಕೇಳಲು ಆರು ವರ್ಷ ತೆಗೆದುಕೊಂಡ ಮಗನ ಬಗ್ಗೆ ಓಣಿ ಆಮೇಲೆ ಏನೇನು ಅಂದಿತೋ ಅದನ್ನು ಬರೆಯುವಂತಿಲ್ಲ.

ಜೋಗಮ್ಮ ತಡಮಾಡಲಿಲ್ಲ. “ಅಷ್ಟೇ ಏನ್ರಿ? ನಾನೇ ಕರಕೊಂಡು ಹೊಂಡತೀನಿ ಬಿಡ್ರಿ.” ರಾಯರ ಕಂಕುಳಿಗೆ ಕೈ ಕೊಟ್ಟು ಒಂದೇ ಉಸಿರಿಗೆ ಖುರ್ಚಿಗೆ ಇಳಿಸಿದಳು, ಮುಂಗಾಲಿ ಎತ್ತಿ ಹೊಸ್ತಿಲು ದಾಟಿಸಿದರೆ ರಾಯರ ಹೆಗಲ ಮೇಲಿನ ಟವೆಲ್ಲು ಕೂಡ ಅಲುಗಲಿಲ್ಲ. ಎದುರಿಗೆ ನಿಂತ ಬಾಬುಸಾಬ್, “ಅಬ್ಬಾ, ಇಷ್ಟು ಹಗುರ ಬರತಿತ್ತೇನು ಈಕಿಗಿ!” ಎಂದು ನೆಲಕ್ಕೆ ಉಗುಳಿದ.

ಗಂಜಿ ತಂದಳು. ಹೊರಗಿನ ಬೆಳಕಿನಲ್ಲೂ ಆ ಬಾಯಿ ಅವಳ ಚಮಚಕ್ಕೆ ತೆರೆಯಲಿಲ್ಲ. ರಾಯರು ಎಡಗೈ ಎತ್ತಿ ಅವಳ ಎದೆಯ ನೇರಕ್ಕೆ ಒಮ್ಮೆ ತೋರಿಸಿದರು, ಆಮೇಲೆ ರಸ್ತೆಗೆ.

“ಏನಂತಾರ?” ಅಂದ ಚನ್ನು, ಹಳೆಯ ರೂಢಿಯಂತೆ ಅವಳ ಮುಖ ನೋಡಿ.

ಜೋಗಮ್ಮ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಹೇಳಲು ಬೇರೆ ಏನಾದರೂ ಸಿಕ್ಕೀತೆಂದು ಸುತ್ತ ನೋಡಿದಳು. ಓಣಿ ಪೂರಾ ನಿಂತು ನೋಡುತ್ತಿತ್ತು.

“ನನಗ ಹೋಗಂತಾರ್ರಿ.”

ಬಟ್ಟಲನ್ನು ಚನ್ನುವಿನ ಕೈಗೆ ಕೊಟ್ಟು ಒಳಗೆ ಹೋದಳು. ಎರಡು ಸೀರೆ, ಒಂದು ತಟ್ಟೆ, ಎಣ್ಣೆಯ ಬಾಟಲಿ. ಚೀಲ ತುಂಬಲು ಐದು ನಿಮಿಷವೂ ಹಿಡಿಯಲಿಲ್ಲ. ಪಡಸಾಲೆಯಲ್ಲಿ ಶಿವಕುಮಾರಿ ಅಡ್ಡ ನಿಂತಳು.

“ಹಿಂಗ ನಡುವಿನ್ಯಾಗ ಬಿಟ್ಟು ಹೋದ್ರ ಹ್ಯಾಂಗ ಬೇ? ಮಧ್ಯಾಹ್ನಕ್ಕ ಯಾರು ಅದಾರ? ಆ ಕ್ಯಾಂಪಿನ ಹುಡುಗಿ ನಂಬರಾರ ಕೊಡು.”

ನಂಬರು ಜೋಗಮ್ಮನ ಫೋನಿನಲ್ಲಿತ್ತು. ಫೋನು ಅವಳ ಕೈಯಲ್ಲೇ ಇತ್ತು.

“ಆಕಿ ತವರಿಗಿ ಹೋಗ್ಯಾಳಂತ್ರಿ. ಕೋಲ್ಕತ್ತಾಕ್ಕ.”

“ನಿನ್ನೆ ಸಂಜಿಗಿ ಮೀನಿನ ಅಂಗಡ್ಯಾಗ ಕಂಡಳು,” ಎಂದು ಹೊರಗಿನಿಂದ ಬಾಬುಸಾಬ್ ಕೂಗಿದ. “ಚನ್ನಪ್ಪ, ಅಪ್ಪಗ ಗಂಜಿ ಹಾಕು ನೀ. ಆಕೀನ ನಾ ಕರಕೊಂಡು ಬರತೀನಿ.” ಅವನ ಸ್ಕೂಟರ್ ಆಗಲೇ ಶುರುವಾಗಿತ್ತು.

ಜೋಗಮ್ಮ ಚೀಲ ಬಗಲಿಗೆ ಏರಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು. ಸಾಲಗುಂದದ ಕೆಸರು ಅವಕ್ಕೆ ಇನ್ನೂ ಒಣಗಿ ಅಂಟಿತ್ತು. ಚನ್ನು ಮೊದಲ ಚಮಚವನ್ನು ಅಪ್ಪನ ಗದ್ದಕ್ಕೆ ಚೆಲ್ಲಿದ, ಎರಡನೆಯದು ಒಳಗೆ ಹೋಯಿತು. ಅವನ ಹಿಡಿತ ತಪ್ಪಿದ್ದು ಅವಳಿಗೆ ಕಂಡಿತು, ಹೇಳಿಕೊಡಲು ಬಾಯಿಗೂ ಬಂತು. ಖುರ್ಚಿಯ ಪಕ್ಕದಿಂದ ಸೆರಗು ತಾಗದಂತೆ ಸರಿದು ಇಳಿದು, ಮಸ್ಕಿ ಬಸ್ಸಿನ ಕಡೆಗೆ ನಡೆದಳು.